ಹಿತ್ತಲಲ್ಲಿ ಇನ್ನೊಂದು ಗೂಟ ಇರಲಿ

ಹಾಲು ಉತ್ಪಾದಕ ಸಹೋದರಿಯರೇ,

ಕಾಲುಬಾಯಿ ಜ್ವರಕ್ಕೆ ಆರು ತಿಂಗಳಿಗೊಮ್ಮೆ ಲಸಿಕೆ ಹಾಕಿಸುತ್ತೇವೆ. ಆದರೆ ಸಂತೆಯಿಂದ ತಂದ ಹಸುವನ್ನು ಅದೇ ಸಂಜೆ ಉಳಿದ ಹಸುಗಳ ಪಕ್ಕದಲ್ಲೇ ಕಟ್ಟುತ್ತೇವೆ. ಒಂದೇ ಗೋದಲಿ, ಒಂದೇ ನೀರಿನ ತೊಟ್ಟಿ. ಬಾಯಲ್ಲಿ ಗುಳ್ಳೆ ಕಾಣುವ ಮೊದಲೇ ಜೊಲ್ಲಿನಿಂದ ರೋಗ ಹರಡಬಹುದು. ಕೇಳಿದರೆ, 'ಬೇರೆ ಜಾಗ ಎಲ್ಲಿದೆ?' ಎನ್ನುತ್ತೇವೆ.

ನನ್ನ ಪ್ರಕಾರ ಕೊಟ್ಟಿಗೆ ದೊಡ್ಡದಿರುವುದಕ್ಕಿಂತ, ಎರಡು ಕಡೆ ಕಟ್ಟಲು ಅನುಕೂಲವಿರುವುದು ಮುಖ್ಯ. ಹಿತ್ತಲಲ್ಲಿ ನಾಲ್ಕು ಕಂಬ, ಮೇಲೆ ತೆಂಗಿನ ಗರಿ, ಒಂದು ಗೂಟ, ಬೇರೆ ಬಕೆಟ್ಟು ಇದ್ದರೆ ಸಾಕು. ಹೊಸ ಹಸು 21 ದಿನ ಅಲ್ಲಿರಲಿ. ಅದರ ಮೇವು, ನೀರು, ಹಾಲು ಕರೆಯುವುದು ಎಲ್ಲಾ ಕೊನೆಗೆ. ಕಾಯಿಲೆ ಬಿದ್ದ ಹಸುವಿಗೂ ಅದೇ ಜಾಗ. ನೆಲಕ್ಕೂ ಚಪ್ಪಲಿಗೂ 10 ಲೀಟರ್ ನೀರಿಗೆ 400 ಗ್ರಾಂ ವಾಷಿಂಗ್ ಸೋಡಾ ಕಲಸಿ ಹಾಕಿ.

ಕಂದು ಹಾಕಿದ ಹಸುವನ್ನೂ ಅಲ್ಲೇ ಕಟ್ಟಿ, ಡಾಕ್ಟರಿಗೆ ತಿಳಿಸಿ. ಬ್ರುಸೆಲ್ಲಾ ರೋಗ ಮನುಷ್ಯರಿಗೂ ಅಂಟುತ್ತದೆ. ಮಾಸನ್ನು ಬರಿಗೈಯಲ್ಲಿ ಎತ್ತುವವರು ನಾವೇ ತಾನೆ? ಕೈಗವಸು ಹಾಕಿಕೊಂಡು ಎತ್ತಿ, ಆಳವಾಗಿ ಹೂತು ಸುಣ್ಣ ಸುರಿಯಿರಿ.

ಕೊಟ್ಟಿಗೆ ಕಟ್ಟುವಾಗ ಗಾರೆಯವರ ಹತ್ತಿರ ಮಾತಾಡುವವರು ಗಂಡಸರು, ದಿನಾ ಸಗಣಿ ಬಾಚುವವರು ನಾವು. ಗಂಜಲ ಎಲ್ಲಿ ನಿಲ್ಲುತ್ತದೆ, ಹಸು ಎಲ್ಲಿ ಒದ್ದೆಯಲ್ಲಿ ಮಲಗಿ ಕೆಚ್ಚಲು ಬಾವು ತಂದುಕೊಳ್ಳುತ್ತದೆ ಎಂಬುದು ನಮಗೇ ಗೊತ್ತು. ಮುಂದಿನ ಸಲ ಕೊಟ್ಟಿಗೆಯ ಮಾತು ಬಂದಾಗ ನೀವೂ ಕೂತು ಮಾತಾಡಿ. ಇಳಿಜಾರು ಎತ್ತ ಇರಬೇಕು, ಇನ್ನೊಂದು ಗೂಟ ಎಲ್ಲಿ ನೆಡಬೇಕು ಎಂದು ನೀವೇ ಹೇಳಿ.