ಆಫ್ ಮಾಡಿ ಆನ್ ಮಾಡಿದರೆ ಸಾಕೇ?

ಮಂಡ್ಯ ಜಿಲ್ಲೆಯ ಒಂದು ಹಳ್ಳಿಯ ಡೈರಿ. ಬೆಳಗಿನ ಆರೂವರೆ. ತೂಕದ ಯಂತ್ರದ ಪರದೆಯಲ್ಲಿ 4.35 ಎಂದು ಅಂಕಿ ನಿಂತುಬಿಟ್ಟಿತ್ತು. ಮುಂದಿನವರು ಹಾಲು ತಂದಿಟ್ಟರೂ 4.35. ಕಾರ್ಯದರ್ಶಿ ಸ್ವಿಚ್ ಆಫ್ ಮಾಡಿ ಆನ್ ಮಾಡಿದರು, ಸರಿಹೋಯಿತು. ‘ವಾರಕ್ಕೆ ಎರಡು ಸಲ ಹಿಂಗೇ ಆಯ್ತದೆ ಮೇಡಂ’ ಅಂದರು. ಸಾಲಿನಲ್ಲಿದ್ದ ಅಜ್ಜಿಯೊಬ್ಬರು ‘ನಂದು ಎಷ್ಟು ಬರ್ಕೊಂಡ್ರಪ್ಪಾ?’ ಎಂದು ಮತ್ತೆ ಮತ್ತೆ ಕೇಳುತ್ತಿದ್ದರು. ಆ ಯಂತ್ರದೊಳಗಿನ ಲಿನಕ್ಸ್‌ಗೆ ತೂಕದ ಚಿಪ್‌ನ ಡ್ರೈವರ್ ಬರೆದವಳು ನಾನು.

ಕಚೇರಿಯಲ್ಲಿ ಬಂದ ಮೊದಲ ಸಲಹೆ: ನಿಂತಾಗ ತಾನೇ ರೀಬೂಟ್ ಆಗುವಂತೆ ವಾಚ್‌ಡಾಗ್ ಹಾಕಿಬಿಡಿ. ನಮ್ಮ ವೃತ್ತಿಯಲ್ಲಿ ಇದು ಮಾಮೂಲು. ನಾನು ಒಪ್ಪಲಿಲ್ಲ, ಇವತ್ತಿಗೂ ಒಪ್ಪುವುದಿಲ್ಲ. ಕಾರಣ ತಿಳಿಯದೆ ಮಾಯವಾದ ದೋಷ ರಿಪೇರಿಯಾದ ದೋಷವಲ್ಲ.

ಪತ್ತೆಗೆಂದು ಇಂಟರಪ್ಟ್ ಹ್ಯಾಂಡ್ಲರ್‌ನ, ಅಂದರೆ ಚಿಪ್ ತನ್ನ ತಂತಿಯಿಂದ ಪ್ರೊಸೆಸರನ್ನು ಕರೆದಾಗ ಓಡುವ ಕೋಡಿನ, ಶುರುವಿನಲ್ಲೇ ಒಂದು ಸಾಲು ಪ್ರಿಂಟ್ ಹಾಕಿದೆ. ಒಂಬತ್ತು ದಿನ ಯಂತ್ರ ಒಮ್ಮೆಯೂ ನಿಲ್ಲಲಿಲ್ಲ! ‘ಪ್ರಿಂಟ್ ಅಲ್ಲೇ ಇರಲಿ ಬಿಡಿ’ ಎಂದರು ತಂಡದವರು. ಆದರೆ ಅರವತ್ತು ಅಕ್ಷರದ ಸಾಲು 115200 ವೇಗದ ಸೀರಿಯಲ್ ತಂತಿಯಲ್ಲಿ ಹೋಗಲು ಸುಮಾರು 5 ಮಿಲಿಸೆಕೆಂಡ್ ಬೇಕು. ಆ ತಡವೇ ದೋಷವನ್ನು ಮರೆಮಾಡಿತ್ತು. ಹುಡುಕಲು ಹೋದರೆ ಅಡಗುವ ಈ ಗುಣ ಹೊಸದೇನಲ್ಲ. ನೆದರ್ಲೆಂಡ್ಸ್‌ನ ಎಕ್ಸ್1 ಕಂಪ್ಯೂಟರಿಗೆ ಇಂಟರಪ್ಟ್ ಸೇರಿಸುವ ಮಾತು ಬಂದಾಗ ಕಂಪ್ಯೂಟರ್ ವಿಜ್ಞಾನಿ ಡೈಕ್‌ಸ್ಟ್ರಾ ಹೆದರಿದ್ದು ಇದಕ್ಕೇ: ಮತ್ತೊಮ್ಮೆ ಮಾಡಿ ತೋರಿಸಲಾಗದ ತಪ್ಪುಗಳು ಬರುತ್ತವೆ ಎಂದು. ಆಮೇಲೆ ಅವರು ಆ ಕೆಲಸವನ್ನೇ ಕೈಗೆತ್ತಿಕೊಂಡು, 1959ರಲ್ಲಿ ಅದರ ಮೇಲೆ ಪಿಎಚ್.ಡಿ. ಪ್ರಬಂಧ ಬರೆದರು.

ಪ್ರಿಂಟ್ ತೆಗೆದು ಮತ್ತೆ ಡೈರಿಗೆ ಹೋದೆ. ಯಾವ ತಂತಿಯಿಂದ ಎಷ್ಟು ಕರೆ ಬಂದಿದೆ ಎಂಬ ಲೆಕ್ಕವನ್ನು ಲಿನಕ್ಸ್ ಇಟ್ಟಿರುತ್ತದೆ. ಸೆಕೆಂಡಿಗೆ ಹತ್ತರಂತೆ ಏರುತ್ತಿದ್ದ ನಮ್ಮ ಚಿಪ್‌ನ ಸಂಖ್ಯೆ ಅಂಕಿ ನಿಂತಾಗ ತಾನೂ ನಿಂತಿತ್ತು. ಆಸಿಲೋಸ್ಕೋಪಿನಲ್ಲಿ ನೋಡಿದರೆ ತಂತಿ ಕೆಳಮಟ್ಟದಲ್ಲೇ ಇದೆ. ಅಂದರೆ ಚಿಪ್ ಕರೆಯುತ್ತಲೇ ಇದೆ, ಕೇಳಿಸಿಕೊಳ್ಳುವವರಿಲ್ಲ.

ಬಾಗಿಲ ಬೆಲ್ ಒತ್ತಿದ ಕ್ಷಣ ಮಾತ್ರ ಒಮ್ಮೆ ‘ಟಿಣ್’ ಎನ್ನುತ್ತದೆ ಎಂದುಕೊಳ್ಳಿ. ಒತ್ತಿಕೊಂಡೇ ನಿಂತರೆ ಎರಡನೇ ಸದ್ದಿಲ್ಲ. ನಾನು ಆ ತಂತಿಯನ್ನು ಎಡ್ಜ್ ಎಂದು, ಅಂದರೆ ಬೀಳುವ ಕ್ಷಣವನ್ನಷ್ಟೇ ಗಮನಿಸುವಂತೆ, ಹೊಂದಿಸಿದ್ದೆ. ‘ತೂಕ ಸಿದ್ಧ’, ‘ಮಿತಿ ಮೀರಿದೆ’ ಎಂಬ ಎರಡು ಸುದ್ದಿಗೂ ಚಿಪ್‌ಗೆ ಇದ್ದದ್ದು ಅದೊಂದೇ ತಂತಿ. ಮೊದಲ ಸುದ್ದಿಯನ್ನು ಓದಿ ಅಳಿಸುವಷ್ಟರಲ್ಲಿ ಎರಡನೆಯದು ಬಂದರೆ ತಂತಿ ಮೇಲೇಳುವುದೇ ಇಲ್ಲ, ಹಾಗಾಗಿ ಮತ್ತೆ ಬೀಳುವುದೂ ಇಲ್ಲ. ಲ್ಯಾಬಿನಲ್ಲಿ ನಾವು ಹಿತ್ತಾಳೆಯ ತೂಕದ ಕಲ್ಲನ್ನು ಮೆಲ್ಲಗೆ ಇಡುತ್ತಿದ್ದೆವು. ಡೈರಿಯಲ್ಲಿ ತುಂಬಿದ ಕ್ಯಾನು ಧಡಕ್ಕೆಂದು ಕೂರುತ್ತದೆ, ಆ ಹೊಡೆತಕ್ಕೆ ಮಿತಿ ಮೀರುತ್ತದೆ. ತಂತಿ ಕೆಳಗಿರುವಷ್ಟು ಹೊತ್ತೂ ಕರೆ ಇದೆ ಎಂದು ತಿಳಿಯುವ ಲೆವೆಲ್ ಕ್ರಮಕ್ಕೆ ಬದಲಿಸಿದೆ. ತಿದ್ದಿದ್ದು ಒಂದೇ ಸಾಲು, ಹುಡುಕಿದ್ದು ಐದು ವಾರ.

ನನ್ನನ್ನು ಕಾಡುವ ಸಂಗತಿ ಬೇರೆಯೇ. 8085 ಪ್ರೊಸೆಸರಿನ ಇಂಟರಪ್ಟ್‌ಗಳಲ್ಲಿ ಆರ್‌ಎಸ್‌ಟಿ 7.5 ಎಡ್ಜ್, 6.5 ಮತ್ತು 5.5 ಲೆವೆಲ್ ಎಂದು ಕಾಲೇಜಿನ ಪರೀಕ್ಷೆಯಲ್ಲಿ ಬರೆದು ಎರಡು ಅಂಕ ಪಡೆದಿದ್ದೆ. ಆ ಎರಡು ಪದಗಳ ನಡುವೆ ಒಬ್ಬರ ಹಾಲಿನ ಲೆಕ್ಕ ಕಳೆದುಹೋಗಬಹುದೆಂದು ಯಾರೂ ತೋರಿಸಿರಲಿಲ್ಲ. ಈಗ ಕೆಲಸಕ್ಕೆ ಸೇರಲು ಬರುವ ಮಕ್ಕಳಿಗೂ ಉತ್ತರ ಬಾಯಿಪಾಠ, ತಂತಿ ಕಂಡಿಲ್ಲ. ಆಪರೇಟಿಂಗ್ ಸಿಸ್ಟಮ್ ಪಾಠದಲ್ಲಿ ಒಂದು ವಾರವನ್ನಾದರೂ ಇದಕ್ಕೆ ಕೊಡಬೇಕು. ಅಗ್ಗದ ಬೋರ್ಡು, ಒಂದು ಸ್ವಿಚ್, ಒಂದು ಆಸಿಲೋಸ್ಕೋಪ್, ಬೇಕೆಂದೇ ತಪ್ಪು ಬರೆದ ಡ್ರೈವರ್. ಯಾಕೆ ನಿಂತಿತು ಎಂದು ಹೇಳುವವರೆಗೆ ರೀಬೂಟ್ ಮಾಡುವಂತಿಲ್ಲ.