ಆಸ್ತಿಯ ಪಾಲೂ ಆರೈಕೆಯ ಭಾರವೂ

ತಂದೆತಾಯಿಗಳು ಹಾಸಿಗೆ ಹಿಡಿದಾಗ ಒಬ್ಬರ ಮೇಲೆಯೇ ಎಲ್ಲ ಭಾರವನ್ನೂ ಹೊರಿಸಿ, ಅವರು ಕಾಲವಾದ ಮೇಲೆ ಪಾಲು ಕೇಳುವುದಕ್ಕೆ ಮಾತ್ರ ಮಕ್ಕಳೆಲ್ಲರೂ ನೆರೆಯುವ ದುಸ್ಥಿತಿಯು ನಮ್ಮ ಸಮಾಜದಲ್ಲಿ ಅಪರೂಪವಾಗಿ ಉಳಿದಿಲ್ಲ. ಇದನ್ನು ಮನೆಮನೆಯ ಜಗಳವೆಂದು ಬಗೆದು ಸುಮ್ಮನಿರುವುದು ಸಾಧುವಲ್ಲ. ಇದರಲ್ಲಿ ಧರ್ಮದ ಪ್ರಶ್ನೆಯಿರುವಂತೆ ಶಾಸನದ ಪ್ರಶ್ನೆಯೂ ಇದೆ.

ಪಾಲಿನ ವಿಷಯದಲ್ಲಿ ಹಿಂದೂ ಶಾಸನವು ಬಹುದೂರ ಸಾಗಿ ಬಂದಿದೆ. 1933ರಷ್ಟು ಹಿಂದೆಯೇ ಮೈಸೂರು ಸಂಸ್ಥಾನವು ಸ್ತ್ರೀಯರ ಹಕ್ಕುಗಳ ಕಾಯಿದೆಯೊಂದನ್ನು ಮಾಡಿತು. 1994ರಲ್ಲಿ ಕರ್ನಾಟಕವು ಕೆಲವು ಮಿತಿಗಳೊಡನೆಯೂ, 2005ರಲ್ಲಿ ಕೇಂದ್ರ ಶಾಸನವು ದೇಶಕ್ಕೆ ಅನ್ವಯಿಸುವಂತೆಯೂ, ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಮಗಳಿಗೆ ಮಗನಂತೆಯೇ ಹುಟ್ಟಿನಿಂದ ಬರುವ ಹಕ್ಕನ್ನು ಕೊಟ್ಟವು. 2005ರಲ್ಲಿ ತಂದೆಯು ಜೀವಿಸಿರದಿದ್ದರೂ ಈ ಹಕ್ಕು ಸಲ್ಲುವುದೆಂದು ಸರ್ವೋಚ್ಚ ನ್ಯಾಯಾಲಯವು 2020ರಲ್ಲಿ ತೀರ್ಪಿತ್ತಿತು.

ಹೊಣೆಯಲ್ಲಿಯೂ ಭೇದವಿಲ್ಲ. ಸ್ವಂತ ಆದಾಯದಿಂದ ಬಾಳಲಾರದ ವೃದ್ಧ ಮಾತಾಪಿತೃಗಳನ್ನು ಪೋಷಿಸುವ ಕರ್ತವ್ಯವನ್ನು 1956ರ ಕಾಯಿದೆಯು ಮಗನಿಗೂ ಮಗಳಿಗೂ ವಿಧಿಸಿದೆ. 2007ರ ಹಿರಿಯ ನಾಗರಿಕರ ಕಾಯಿದೆಯು ಅನ್ನ, ವಸ್ತ್ರ, ವಸತಿಗಳೊಡನೆ ವೈದ್ಯೋಪಚಾರವನ್ನೂ ಪೋಷಣೆಯಲ್ಲಿ ಸೇರಿಸಿದೆ. ಒಬ್ಬ ಮಗನ ಮೇಲೆ ಅರ್ಜಿ ಬಂದರೆ ಅವನು ತನ್ನ ಒಡಹುಟ್ಟಿದವರನ್ನೂ ಅದರಲ್ಲಿ ಸೇರಿಸುವಂತೆ ಕೇಳಬಹುದು.

ಆದರೆ ಯಾರು ಎಷ್ಟು ಹೊರಬೇಕೆಂಬ ಪ್ರಮಾಣವನ್ನು ಮಕ್ಕಳ ವಿಷಯದಲ್ಲಿ ಈ ಕಾಯಿದೆಯು ಹೇಳಿಲ್ಲ. ಉಯಿಲು ಬರೆಯದೆ ತಾಯಿಯು ತೀರಿಕೊಂಡರೆ, ಹತ್ತು ವರ್ಷ ಅವಳ ಸೇವೆ ಮಾಡಿದ ಮಗಳಿಗೂ ಒಮ್ಮೆಯೂ ಬಾಗಿಲಿಗೆ ಬಾರದ ಮಗನಿಗೂ ಸಮಪಾಲು. ಸೋಜಿಗವೆಂದರೆ, ಸಂತಾನವಿಲ್ಲದ ವೃದ್ಧರ ವಾರಸುದಾರರು ತಮಗೆ ಬರಲಿರುವ ಪಾಲಿನ ಪ್ರಮಾಣದಲ್ಲಿಯೇ ಪೋಷಣೆಯ ವೆಚ್ಚ ಕೊಡಬೇಕೆಂದು ಇದೇ ಕಾಯಿದೆಯು ಸ್ಪಷ್ಟವಾಗಿ ವಿಧಿಸಿದೆ. ದಾಯಾದಿಗಳಿಗೆ ಸಲ್ಲುವ ನ್ಯಾಯವು ಹೊಟ್ಟೆಯ ಮಕ್ಕಳಿಗೆ ಸಲ್ಲಬಾರದೇಕೆ?

ಹಣವಿಲ್ಲದವರ ಗತಿಯೇನೆಂದು ಕೆಲವರು ಆಕ್ಷೇಪಿಸಬಹುದು. ರೋಗಿಯ ಮಗ್ಗುಲಲ್ಲಿ ಹಗಲಿರುಳು ಕುಳಿತವರ ದುಡಿಮೆಯೂ ವೆಚ್ಚವೇ ಎಂಬುದು ನಮ್ಮ ಉತ್ತರ. ಸೇವೆಯೆಲ್ಲವನ್ನೂ ಸೋದರಿಯಿಂದ ಪಡೆದು, ಮದುವೆಯಲ್ಲಿ ಕೊಟ್ಟುದಾಯಿತೆಂದು ಹೇಳಿ ಅವಳಿಂದ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸಿಕೊಳ್ಳುವ ಸೋದರರು ಇದನ್ನು ಮನಗಾಣಬೇಕು. ಹಾಗೆಯೇ, ಪಾಲು ಪಡೆಯುವಾಗ ಮಗಳೆನಿಸಿ, ಖರ್ಚಿನ ಮಾತು ಬಂದಾಗ ಹೊರಗಿನವಳೆನ್ನುವುದೂ ನ್ಯಾಯವಲ್ಲ.

ಸರಕಾರದವರು ಈ ಕೊರತೆಯನ್ನು ತಿದ್ದುಪಡಿಯಿಂದ ನೀಗಿಸಬೇಕೆಂದು ನಾವು ಒತ್ತಾಯಪಡಿಸುತ್ತೇವೆ. ಅಲ್ಲಿಯವರೆಗೆ ಕುಟುಂಬಗಳು ಕೈಕಟ್ಟಿ ಕೂರಬೇಕಾಗಿಲ್ಲ. ಹಿರಿಯರ ಸ್ವಯಾರ್ಜಿತವು ಅವರು ಬದುಕಿರುವವರೆಗೆ ಅವರದೇ ಆದುದರಿಂದ ಅದು ಮೊದಲು ಅವರ ಚಿಕಿತ್ಸೆಗೇ ಸಲ್ಲಲಿ. ಉಳಿದ ವೆಚ್ಚವನ್ನು ಒಡಹುಟ್ಟಿದವರು ಲೆಕ್ಕವಿಟ್ಟು ಹಂಚಿಕೊಳ್ಳಲಿ. ಹಿರಿಯರು ದಾನಪತ್ರ ಬರೆಯುವುದಾದರೆ ಆರೈಕೆಯ ಷರತ್ತನ್ನು ಅದರಲ್ಲಿಯೇ ಬರೆಸಲಿ. ಷರತ್ತು ಮುರಿದರೆ ಅದನ್ನು ರದ್ದುಪಡಿಸಲು 2007ರ ಕಾಯಿದೆಯಲ್ಲಿ ಅವಕಾಶವಿದೆ. ಪಾಲುಪಟ್ಟಿಗೆ ಸಹಿ ಹಾಕಬೇಕೆನ್ನುವವರು ಔಷಧದ ಪಟ್ಟಿಗೂ ಹೊಣೆಯಾಗುವುದೇ ನ್ಯಾಯ.