ಮದ್ದೇ ಕೇಡಾದಾಗ ಹೊಣೆ ಯಾರದು?

ಗೃಹಸ್ಥನು ಪೇಟೆಯಲ್ಲಿ ಅಕ್ಕಿಯನ್ನು ಕೊಳ್ಳುವಾಗ ಅಂಗೈಯಲ್ಲಿಟ್ಟು ನೋಡುತ್ತಾನೆ. ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡುತ್ತಾನೆ. ಮದ್ದನ್ನು ಮಾತ್ರ ಪರೀಕ್ಷಿಸದೆ ನಂಬಿ ನುಂಗುತ್ತಾನೆ. ಹಾಗೆ ನಂಬದೆ ಬೇರೆ ಗತಿಯೂ ಇಲ್ಲವಷ್ಟೆ. ಈ ನಂಬಿಕೆಯು ಕೆಟ್ಟು ಮದ್ದೇ ಕೇಡಾಗಿ ಪರಿಣಮಿಸಿದರೆ, ಅದನ್ನು ತಯಾರಿಸಿದವರನ್ನು ಕೇಳುವ ಬಗೆ ಹೇಗೆಂಬುದನ್ನು ಈ ತಿಂಗಳು ವಿಚಾರಮಾಡೋಣ.

ಇಂಥ ವ್ಯಾಜ್ಯಗಳಲ್ಲಿ ಲೋಕಪ್ರಸಿದ್ಧವಾದುದು ಥಾಲಿಡೊಮೈಡ್ ಎಂಬ ಮದ್ದಿನದು. 1957ರಲ್ಲಿ ಪಶ್ಚಿಮ ಜರ್ಮನಿಯ ಗ್ರುನೆಂತಾಲ್ ಕಂಪನಿಯು ಇದನ್ನು ನಿದ್ರೆಗೆಂದು ಮಾರಾಟಕ್ಕೆ ತಂದಿತು. ಗರ್ಭಿಣಿಯರು ಸೇವಿಸಿದುದರಿಂದ ಕೈಕಾಲುಗಳು ಸರಿಯಾಗಿ ಬೆಳೆಯದ ಶಿಶುಗಳು ಸಾವಿರಾರು ಜನಿಸಿದುವು. ಮದ್ದನ್ನು 1961ರಲ್ಲಿ ಹಿಂದೆಗೆದುಕೊಂಡರು. ನ್ಯಾಯಾಲಯದ ವಿಚಾರಣೆಯು 1968ರಲ್ಲಿ ಆರಂಭವಾಗಿ, ತೀರ್ಪನ್ನು ಕಾಣದೆಯೇ 1970ರಲ್ಲಿ ನಿಂತಿತು. ಕಂಪನಿಯು 10 ಕೋಟಿ ಮಾರ್ಕುಗಳ ಪರಿಹಾರಕ್ಕೆ ಒಪ್ಪಿಕೊಂಡಿತು. ಕ್ಷಮಾಪಣೆಯ ಮಾತು ಬಂದುದು 2012ರಲ್ಲಿ. ಅಷ್ಟು ಹೊತ್ತಿಗೆ ಆ ಶಿಶುಗಳು ಐವತ್ತರ ಆಸುಪಾಸಿನವರಾಗಿದ್ದರು.

ಇಷ್ಟು ವಿಳಂಬವೇಕೆ? ಕಾಗೆ ಕುಳಿತುಕೊಳ್ಳುವುದಕ್ಕೂ ತಾಳೆಯ ಹಣ್ಣು ಬೀಳುವುದಕ್ಕೂ ಸಮಯ ಒದಗಿಬಂದರೆ ಅದನ್ನು ನಮ್ಮ ಶಾಸ್ತ್ರಕಾರರು ಕಾಕತಾಳೀಯವೆಂದರು. ತಯಾರಕರು ಸಾಮಾನ್ಯವಾಗಿ ಹಿಡಿಯುವ ವಾದವೂ ಇದೇ: “ರೋಗಿಯು ಮದ್ದು ಸೇವಿಸಿದ್ದು ನಿಜ, ಕೇಡು ಬಂದದ್ದೂ ನಿಜ, ಒಂದರಿಂದ ಇನ್ನೊಂದು ಬಂದಿತೆಂಬುದಕ್ಕೆ ಪ್ರಮಾಣವೇನು?” ಇದಕ್ಕೆ ಉತ್ತರ ಹೇಳಬೇಕಾದರೆ, ಮದ್ದು ಇಂಥ ಕಂಪನಿಯದು, ಇಂಥ ಬ್ಯಾಚಿನದು, ಇದೇ ರೋಗಿಯು ಸೇವಿಸಿದ್ದು, ಕೇಡು ಅದರಿಂದಲೇ ಆದದ್ದು ಎಂಬ ಸರಪಣಿಯನ್ನು ತೋರಿಸಬೇಕು. ಒಂದು ಕೊಂಡಿ ಕಳಚಿದರೂ ವ್ಯಾಜ್ಯವು ಬೀಳುತ್ತದೆ.

ನಮ್ಮ ನಾಡಿನ ದುಃಖಕರವಾದ ಪ್ರಸಂಗವೊಂದನ್ನು ನೋಡಿರಿ. 2024ರ ನವೆಂಬರಿನಲ್ಲಿ ಬಳ್ಳಾರಿಯ ಸರ್ಕಾರಿ ಆಸ್ಪತ್ರೆಯಲ್ಲಿ ಸಿಸೇರಿಯನ್ ಹೆರಿಗೆಯಾದ ಬಾಣಂತಿಯರಲ್ಲಿ ಐವರು ತೀರಿಕೊಂಡರು. ರಕ್ತನಾಳಕ್ಕೆ ಏರಿಸಿದ ರಿಂಗರ್ ಲ್ಯಾಕ್ಟೇಟ್ ದ್ರಾವಣದ ಮೇಲೆ ಸಂಶಯವುಂಟಾಯಿತು. ಅದನ್ನು ಒದಗಿಸಿದ್ದ ಪಶ್ಚಿಮ ಬಂಗ ಫಾರ್ಮಾಸ್ಯೂಟಿಕಲ್ಸ್ ಕಂಪನಿಯನ್ನು ಸರ್ಕಾರವು ಕಪ್ಪುಪಟ್ಟಿಗೆ ಸೇರಿಸಿತು. ಆ ಕಂಪನಿಯ ದ್ರಾವಣದ ಕೆಲವು ಬ್ಯಾಚುಗಳು ರಾಜ್ಯದ ಪ್ರಯೋಗಶಾಲೆಯಲ್ಲಿ ಗುಣಮಟ್ಟಕ್ಕೆ ಕಡಿಮೆಯೆನಿಸಿ, ಕೇಂದ್ರದ ಪ್ರಯೋಗಶಾಲೆಯಲ್ಲಿ ಸರಿಯೆನಿಸಿದ್ದುವೆಂಬುದೂ ಆಗ ಹೊರಬಿದ್ದಿತು. ಎರಡು ಪ್ರಯೋಗಶಾಲೆಗಳು ಎರಡು ಮಾತು ಹೇಳಿದರೆ ತಾಯಿಯಿಲ್ಲದ ಕೂಸಿನ ಪರವಾಗಿ ನ್ಯಾಯ ಕೇಳುವವರು ಯಾವುದನ್ನು ಹಿಡಿಯಬೇಕು?

ಕಾನೂನು ಇಲ್ಲವೆಂದಲ್ಲ. 1940ರ ಔಷಧ ಕಾಯಿದೆಯಲ್ಲಿ, ಕಲಬೆರಕೆಯ ಇಲ್ಲವೆ ನಕಲಿ ಮದ್ದಿನಿಂದ ಮರಣವಾದರೆ ತಯಾರಕನಿಗೆ 10 ವರ್ಷಕ್ಕೆ ಕಡಿಮೆಯಿಲ್ಲದ ಸೆರೆವಾಸವನ್ನೂ 10 ಲಕ್ಷ ರೂಪಾಯಿಗೆ ಕಡಿಮೆಯಿಲ್ಲದ ದಂಡವನ್ನೂ ವಿಧಿಸಿದೆ. ಆ ದಂಡದ ಹಣವು ನೊಂದವರಿಗೇ ಸಲ್ಲತಕ್ಕದ್ದು. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯು ತಯಾರಿಕೆಯ ದೋಷಕ್ಕೂ, ಸಾಕಷ್ಟು ಎಚ್ಚರಿಕೆ ಕೊಡದ ದೋಷಕ್ಕೂ ತಯಾರಕನನ್ನೇ ಹೊಣೆಮಾಡಿದೆ. ತುಮಕೂರಿನವನು ದೂರದ ಕಂಪನಿಯ ಊರಿಗೆ ಅಲೆಯಬೇಕಾದುದಿಲ್ಲ. ತಾನು ವಾಸಿಸುವ ಜಿಲ್ಲೆಯ ಗ್ರಾಹಕರ ಆಯೋಗದಲ್ಲಿಯೇ ದೂರು ಕೊಡಬಹುದು. ಮದ್ದಿಗೆ ತೆತ್ತ ಬೆಲೆಯು 5 ಲಕ್ಷ ರೂಪಾಯಿಯನ್ನು ಮೀರದಿದ್ದರೆ ಶುಲ್ಕವೂ ಇಲ್ಲ. ಆದರೆ ಎರಡು ವರ್ಷಗಳೊಳಗೆ ದೂರು ಸಲ್ಲಬೇಕು.

ಆದರೂ ಎರಡು ತೊಡಕುಗಳುಂಟು. ವೈದ್ಯರಿಗೆ ಮುಂಚೆಯೇ ತಕ್ಕ ಎಚ್ಚರಿಕೆ ಕೊಟ್ಟಿದ್ದೆವೆಂದು ಕಂಪನಿಯು ತೋರಿಸಿದರೆ, ಎಚ್ಚರಿಕೆ ಸಾಲದೆಂಬ ಆರೋಪದಿಂದ ಅದು ತಪ್ಪಿಸಿಕೊಳ್ಳಬಹುದು, ಇದು ಮೊದಲನೆಯದು. ಎರಡನೆಯದು ಇನ್ನೂ ಕಠಿನವಾದುದು. ಎಲ್ಲರಿಗೂ ಉಚಿತವಾಗಿಯೇ ಚಿಕಿತ್ಸೆ ನಡೆಯುವ ಆಸ್ಪತ್ರೆಯ ಸೇವೆಯು ಗ್ರಾಹಕರ ಕಾನೂನಿಗೆ ಒಳಪಡುವುದಿಲ್ಲವೆಂದು 1995ರಲ್ಲಿಯೇ ಸುಪ್ರೀಂ ಕೋರ್ಟು ಹೇಳಿದೆ. ಹಣ ಕೊಟ್ಟು ಕೊಂಡವನು ಗ್ರಾಹಕ. ಧರ್ಮಾಸ್ಪತ್ರೆಯಲ್ಲಿ ಮಲಗಿದ ಬಡವಿಗೆ ಈ ಬಾಗಿಲು ಸುಲಭವಾಗಿ ತೆರೆಯದು. ಬೆಲೆ ಕೊಡಲಾರದವರ ಪ್ರಾಣಕ್ಕೆ ಕಾನೂನಿನ ಕಾವಲು ಕಡಿಮೆಯಾಗಿರುವುದು ಧರ್ಮವಲ್ಲ. ಶಾಸನಕರ್ತರು ಇದನ್ನು ತಿದ್ದಬೇಕು. ನಾವು ಅದನ್ನು ಕೇಳುತ್ತಿರಬೇಕು.

ಅಲ್ಲಿಯವರೆಗೆ ನಮ್ಮ ಕೈಯಲ್ಲಿರುವುದನ್ನಾದರೂ ಮಾಡೋಣ. ನಮ್ಮ ಶಿರಾ ಗೇಟಿನ ಅಂಗಡಿಗಳಲ್ಲಾಗಲಿ ಬೇರೆಡೆಯಲ್ಲಾಗಲಿ ಜನರು “ಎರಡು ಮಾತ್ರೆ ಕೊಡಿ” ಎಂದು ಕೇಳಿ, ಪಟ್ಟಿಯಿಂದ ಕತ್ತರಿಸಿದ ತುಂಡನ್ನು ಜೇಬಿಗೆ ಹಾಕಿಕೊಂಡು ಹೋಗುವುದು ವಾಡಿಕೆ. ಬ್ಯಾಚ್ ಸಂಖ್ಯೆಯೂ ಅವಧಿಯ ದಿನಾಂಕವೂ ಅಂಗಡಿಯಲ್ಲುಳಿದ ಭಾಗದಲ್ಲಿರುತ್ತವೆ. ಸರಪಣಿಯ ಮೊದಲ ಕೊಂಡಿ ಅಲ್ಲಿಯೇ ಕಳಚಿತು. ಆದುದರಿಂದ ಬಿಲ್ಲನ್ನು ಕೇಳಿ ಪಡೆಯಿರಿ; ಅದರಲ್ಲಿ ಬ್ಯಾಚ್ ಸಂಖ್ಯೆಯಿದೆಯೇ ಎಂದು ನೋಡಿರಿ. ವೈದ್ಯರ ಚೀಟಿಯನ್ನು ಬಿಲ್ಲಿನೊಡನೆ ಸೇರಿಸಿಡಿರಿ. ಮದ್ದಿನಿಂದ ವಿಪರೀತವೇನಾದರೂ ಕಂಡರೆ ಒಡನೆಯೇ ವೈದ್ಯರಿಗೆ ತಿಳಿಸಿರಿ. ಉಳಿದ ಮದ್ದನ್ನೂ ಸೀಸೆಯನ್ನೂ ಎಸೆಯಬೇಡಿರಿ. ತಾನು ಕೊಂಡ ಮದ್ದನ್ನು ಶುಲ್ಕ ತೆತ್ತು ಸರ್ಕಾರದ ವಿಶ್ಲೇಷಕರಿಂದ ಪರೀಕ್ಷೆ ಮಾಡಿಸಿ ವರದಿಯನ್ನು ಪಡೆಯುವ ಹಕ್ಕು 1940ರ ಕಾಯಿದೆಯ 26ನೆಯ ವಿಧಿಯಂತೆ ಯಾರಿಗಾದರೂ ಉಂಟು.

ಮನೆಯ ಪತ್ರ, ಒಡವೆಯ ಚೀಟಿ ಇವನ್ನು ಪೆಟ್ಟಿಗೆಯಲ್ಲಿಟ್ಟು ಕಾಪಾಡುವ ಗೃಹಿಣಿಯರು ಮದ್ದಿನ ಬಿಲ್ಲಿಗೂ ಅಲ್ಲಿಯೇ ಒಂದು ಮೂಲೆಯನ್ನು ಕೊಡಲಿ. ಅದನ್ನು ಹೊರತೆಗೆಯುವ ಪ್ರಸಂಗವು ಯಾವ ಮನೆಗೂ ಬಾರದಿರಲಿ.